ಸೋಂಕೋ, ಔಷಧಿಯ ಕಾಟವೋ: ಅಳತೆ ಪುಸ್ತಕದ ಹಿಂದಿನ ಹಾಳೆಗಳು

ಬಿಳಿ ರಕ್ತಕಣ 34,000 ಅಂತ ರಿಪೋರ್ಟ್ ಬಂದ ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಎರಡನೇ ಕೀಮೋದ ನಾಲ್ಕನೇ ದಿನ ಅದು. ಸೊಂಟ, ಬೆನ್ನು, ಎದೆಯ ನಡುಮೂಳೆ ಎಲ್ಲ ಒನಕೆಯಲ್ಲಿ ಕುಟ್ಟಿದ ಹಾಗೆ ನೋವು. ಮೈ ಬೆಚ್ಚಗಿತ್ತು, 99.8. ಬೀದಿ ಕೊನೆಯ ಕ್ಲಿನಿಕ್ಕಿನವರು ರಿಪೋರ್ಟ್ ನೋಡಿ 'ಭಾರೀ ಇನ್ಫೆಕ್ಷನ್, ರಕ್ತಕ್ಕೇ ನಂಜು ಏರಿದೆ' ಅಂದರು. ಯಜಮಾನರು ಕುರ್ಚಿ ಗಟ್ಟಿಯಾಗಿ ಹಿಡಿದುಕೊಂಡರು. ಎರಡು ಥರದ ಆಂಟಿಬಯೋಟಿಕ್ ಬರೆಸಿಕೊಂಡು ಮನೆಗೆ ಬಂದು, ಬೆಂಗಳೂರಿನ ವಾರ್ಡಿಗೆ ಫೋನ್ ಹಚ್ಚಿದೆವು. ಸಿಸ್ಟರ್ ಕೇಳಿದ್ದು ಒಂದೇ ಮಾತು: 'ಹೊಟ್ಟೆಗೆ ಹಾಕಿದ ಇಂಜೆಕ್ಷನ್ ಯಾವತ್ತು ಆಯ್ತಮ್ಮ?'

ಮೊನ್ನೆ.

'ಹಾಗಾದ್ರೆ ಅದು ಅದರದ್ದೇ ಕೆಲಸ. ಡಾಕ್ಟರಿಗೆ ತೋರಿಸ್ತೀನಿ, ಲೈನಲ್ಲೇ ಇರಿ' ಅಂದರು. ಡಾಕ್ಟರೂ ಅದನ್ನೇ ಹೇಳಿದರು. ಆ ಇಂಜೆಕ್ಷನ್ ಹೆಸರು ಪೆಗ್‌ಫಿಲ್‌ಗ್ರಾಸ್ಟಿಮ್. ಮೂಳೆಯ ಮಜ್ಜೆಯನ್ನು ಎಬ್ಬಿಸಿ ಬಿಳಿ ರಕ್ತಕಣ ಹುಟ್ಟಿಸುವುದೇ ಅದರ ಕಸುಬು. ಮಜ್ಜೆ ಕೆಲಸಕ್ಕಿಳಿದಾಗ ಮೂಳೆ ನೋಯುತ್ತದೆ, ಕೆಲವರಿಗೆ ಮೈ ಬಿಸಿಯಾಗುತ್ತದೆ, ಎಣಿಕೆ ಗಗನಕ್ಕೇರುತ್ತದೆ. ಜೊತೆಗೆ ವಾಂತಿ ತಡೆಯಲು ಕೊಡುವ ಡೆಕ್ಸಾಮೆಥಾಸೋನ್ ಸ್ಟೆರಾಯ್ಡ್ ಕೂಡ ಬಿಳಿ ಕಣದ ಎಣಿಕೆ ಏರಿಸುತ್ತದೆ, ಮುಖ ಕೆಂಪು ಮಾಡುತ್ತದೆ. ಕ್ಲಿನಿಕ್ಕಿನವರದು ಪೂರ್ತಿ ತಪ್ಪು ಅಂತ ನಾನು ಹೇಳಲ್ಲ. 'ಏನೇನು ಔಷಧಿ ಆಗಿದೆ' ಅಂತ ಅವರು ಕೇಳಲಿಲ್ಲ ನಿಜ, ನಾವೂ ಹೇಳಿರಲಿಲ್ಲ.

ನಾನು ದಾವಣಗೆರೆಯಲ್ಲಿ ಲೇಡೀಸ್ ಟೈಲರ್. ಎಡ ಎದೆಯ ಕ್ಯಾನ್ಸರಿಗೆ ಆಪರೇಷನ್, ಆಮೇಲೆ ನಾಲ್ಕು ಕೆಂಪು ಕೀಮೋ (ಔಷಧಿಯ ಬಣ್ಣವೇ ಕೆಂಪು), ನಾಲ್ಕು ಪ್ಯಾಕ್ಲಿಟ್ಯಾಕ್ಸೆಲ್ ಅನ್ನುವ ಇನ್ನೊಂದು ಕೀಮೋ, ಕೊನೆಗೆ ಹದಿನೈದು ದಿನ ಕರೆಂಟು. (ರೇಡಿಯೇಷನ್ನಿಗೆ ನಮ್ಮ ಕಡೆ ಕರೆಂಟು ಕೊಡೋದು ಅಂತಾರೆ. ಶಾಕ್ ಏನೂ ಹೊಡೆಯಲ್ಲ, ಹೆದರಬೇಡಿ.) ಊರಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರು. ಅದಕ್ಕೇ ಕೀಮೋ ಮುಗಿಸಿಕೊಂಡು ಮನೆಗೆ ಬಂದ ಮೇಲೆ 'ಇದು ಏನು, ಹೋಗಬೇಕಾ, ಇರಬಹುದಾ' ಅನ್ನುವ ಪ್ರಶ್ನೆ ಪ್ರತಿ ಸಲ ರಾತ್ರಿ ಹತ್ತು ಗಂಟೆಗೇ ಬರುತ್ತಿತ್ತು. ಗಿರಾಕಿಗಳ ಅಳತೆ ಬರೆಯುವ ಪುಸ್ತಕವನ್ನು ತಿರುಗಿಸಿ, ಹಿಂದಿನ ಹಾಳೆಯಿಂದ ನನ್ನ ಮೈಯ ಲೆಕ್ಕ ಬರೆಯಲು ಶುರು ಮಾಡಿದೆ. ಆಮೇಲೆ ಗೊತ್ತಾಯಿತು, 'ಏನಾಗಿದೆ' ಅನ್ನುವುದಕ್ಕಿಂತ 'ಯಾವ ದಿನ ಆಯಿತು' ಅನ್ನುವುದೇ ಡಾಕ್ಟರಿಗೆ ಹೆಚ್ಚು ಹೇಳುತ್ತದೆ.

ಮೊದಲು ಥರ್ಮಾಮೀಟರು, ಆಮೇಲೆ ಮಾತು

ಇದನ್ನು ಮುಂದೆ ಓದುವ ಮೊದಲು ಒಂದು ಮಾತು. ಕೆಳಗೆ ಬರೆದಿದ್ದರಲ್ಲಿ ಬಹಳಷ್ಟು 'ಇದು ಸೋಂಕಲ್ಲ, ಔಷಧಿಯದು' ಅನ್ನುವ ಥರದ್ದು. ಆದರೆ ಕೀಮೋ ನಡೆಯುತ್ತಿರುವಾಗ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್ ಮುಟ್ಟಿದರೆ ಈ ವಿಂಗಡಣೆ ನಿಮ್ಮ ಕೆಲಸ ಅಲ್ಲ, ನನ್ನದೂ ಅಲ್ಲ. ಬರೀ ಕಣ್ಣಲ್ಲಿ ನೋಡಿ ಹೇಳುವುದು ಡಾಕ್ಟರಿಗೂ ಆಗಲ್ಲ. ರಕ್ತ ತೆಗೆದು ಕಲ್ಚರಿಗೆ (ಅದರಲ್ಲಿ ಕ್ರಿಮಿ ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆ) ಹಾಕಬೇಕು, ಅದರ ಫಲಿತಾಂಶ ಬರುವ ತನಕ ಸೋಂಕು ಅಂತಲೇ ಹಿಡಿದು ಆಂಟಿಬಯೋಟಿಕ್ ಶುರು ಮಾಡುತ್ತಾರೆ. ಆಸ್ಪತ್ರೆ ಬಾಗಿಲು ಮುಟ್ಟಿದ ಒಂದು ಗಂಟೆಯೊಳಗೆ ಅದು ರಕ್ತನಾಳಕ್ಕೆ ಹೋಗಬೇಕು ಅನ್ನುವುದು ಲೆಕ್ಕ. ನಿಮ್ಮ ಆಸ್ಪತ್ರೆಯವರು ಬೇರೆ ಅಂಕಿ ಬರೆದುಕೊಟ್ಟಿದ್ದರೆ ಅದನ್ನೇ ಹಿಡಿಯಿರಿ.

ನಾನು ಇದನ್ನು ಕಲಿತದ್ದು ಮೊದಲ ಕೀಮೋದಲ್ಲಿ, ಪೆಟ್ಟು ತಿಂದು. ಹನ್ನೊಂದನೇ ದಿನ ಸಂಜೆ ಚಳಿ ಹತ್ತಿತು. ಅತ್ತೆ 'ಉಷ್ಣ ಆಗಿದೆ, ಕೆಂಪು ಔಷಧಿ ಅಲ್ವಾ' ಅಂದರು. ನನಗೂ ಹಾಗೇ ಅನ್ನಿಸಿತು. ಡೋಲೋ ನುಂಗಿದೆ, ಬೆವರು ಬಂತು, ಮಲಗಿದೆ. ಬೆಳಿಗ್ಗೆ ನೋಡಿದರೆ 101.2. ಮಳೆಗಾಲ ಬೇರೆ. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 88,000. ಜ್ವರ, ಪ್ಲೇಟ್‌ಲೆಟ್ ಕಡಿಮೆ ಅಂದರೆ ನಮ್ಮ ಕಡೆ ಆಟೋದವನೂ ಡೆಂಗೆ ಅಂತಾನೆ. ಪಪ್ಪಾಯಿ ಎಲೆ ರಸ ತರಲು ಮಗ ಹೊರಟೂ ಆಗಿತ್ತು. ಡೆಂಗೆ ಪರೀಕ್ಷೆಯಲ್ಲಿ ಏನೂ ಬರಲಿಲ್ಲ. ಕೀಮೋ ಮಜ್ಜೆಯನ್ನು ಮಂಕು ಮಾಡಿದಾಗ ಪ್ಲೇಟ್‌ಲೆಟ್ ಕೂಡ ತಾನಾಗಿಯೇ ಇಳಿಯುತ್ತದೆ, ಅದಕ್ಕೆ ಸೊಳ್ಳೆ ಬೇಕಾಗಿಲ್ಲ. ಲ್ಯಾಬಿನಲ್ಲಿ ಕೆಲಸ ಮಾಡುವ ತಂಗಿಯ ಮಗಳು ಫೋನಿನಲ್ಲಿ ಅದೇ ರಿಪೋರ್ಟಿನ ಮೇಲಿನ ಸಾಲು ಓದಿಸಿದಳು. ಒಟ್ಟು ಬಿಳಿ ಕಣ 900, ಅದರಲ್ಲಿ ಸೋಂಕಿನ ಜೊತೆ ಮೊದಲು ಹೊಡೆದಾಡುವ ನ್ಯೂಟ್ರೋಫಿಲ್ ಕಣ ಶೇಕಡ 22. ಗುಣಿಸಿ ನೋಡಿದರೆ 198. 500ಕ್ಕಿಂತ ಕೆಳಗಿದ್ದರೆ ಮೈಯಲ್ಲಿ ಕಾವಲುಗಾರರೇ ಇಲ್ಲ ಅಂತ ಅರ್ಥ. ಐದು ದಿನ ಆಸ್ಪತ್ರೆಯಲ್ಲಿದ್ದೆ. ಹೊಟ್ಟೆಯ ಇಂಜೆಕ್ಷನ್ ಎರಡನೇ ಕೀಮೋದಿಂದ ಶುರುವಾದದ್ದು ಇದೇ ಕಾರಣಕ್ಕೆ.

ಆ ಗುಣಾಕಾರ ನೀವೂ ಕಲಿತುಕೊಳ್ಳಿ: ಒಟ್ಟು ಬಿಳಿ ಕಣ ಗುಣಿಸು ನ್ಯೂಟ್ರೋಫಿಲ್ ಶೇಕಡ, ಭಾಗಿಸು ನೂರು. ರಿಪೋರ್ಟಿನಲ್ಲಿ ದಪ್ಪಕ್ಷರದಲ್ಲಿ ಪ್ಲೇಟ್‌ಲೆಟ್ ಇದ್ದರೂ ನಿಮ್ಮ ಕಣ್ಣು ಇಲ್ಲಿಗೆ ಹೋಗಬೇಕು.

ಇನ್ನು ಜ್ವರ ನೋಡುವ ಬಗೆ. ಹಣೆ ಮುಟ್ಟಿ ನೋಡುವುದು ಕಣ್ಣಂದಾಜಿನಲ್ಲಿ ಬ್ಲೌಸ್ ಕತ್ತರಿಸಿದ ಹಾಗೆ. ಡಿಜಿಟಲ್ ಥರ್ಮಾಮೀಟರನ್ನು ನಾಲಿಗೆ ಕೆಳಗಿಟ್ಟು, ಬಾಯಿ ಮುಚ್ಚಿ, ಬೀಪ್ ಬರುವ ತನಕ ಕಾಯಿರಿ. ಕಾಫಿ ಕುಡಿದ ಕೂಡಲೇ ಬೇಡ, ಅರ್ಧ ಗಂಟೆ ಬಿಡಿ. ಕಂಕುಳಲ್ಲಿ ಇಟ್ಟರೆ ಅಂಕಿ ಸ್ವಲ್ಪ ಕಡಿಮೆಯೇ ತೋರಿಸುತ್ತದೆ. ಬಾಯಿ ಹುಣ್ಣಾಗಿ ಕಂಕುಳೇ ಗತಿಯಾದರೆ, 'ಕಂಕುಳಲ್ಲಿ ನೋಡಿದ್ದು' ಅಂತ ಬರೆದಿಡಿ. ಗುದದ್ವಾರದಲ್ಲಿ ಥರ್ಮಾಮೀಟರ್, ಎನಿಮಾ ಯಾವುದೂ ಬೇಡ, ಅಲ್ಲಿನ ಸಣ್ಣ ಗೀರೂ ಸೋಂಕಿಗೆ ಬಾಗಿಲು. ಎಲ್ಲಕ್ಕಿಂತ ಮುಖ್ಯ, ಜ್ವರ ನೋಡಿ ಬರೆದುಕೊಳ್ಳದೆ ಡೋಲೋ, ಕ್ರೋಸಿನ್ ಬಾಯಿಗೆ ಹಾಕಬೇಡಿ. ಮಾತ್ರೆ ಜ್ವರ ಮುಚ್ಚುತ್ತದೆ, ಸೋಂಕನ್ನಲ್ಲ. ಸ್ಟೆರಾಯ್ಡ್ ಕೂಡ ಹಾಗೇ ಮುಚ್ಚುತ್ತದೆ. ಆದ್ದರಿಂದ ಹಲ್ಲು ಕಟಕಟ ಅನ್ನುವಷ್ಟು ನಡುಕ ಬಂದರೆ, ತಲೆ ಮಂಕಾದರೆ, ಉಸಿರು ಕಟ್ಟಿದರೆ ಥರ್ಮಾಮೀಟರ್ 98 ತೋರಿಸಿದರೂ ಹೊರಡಿ.

ದಿನ ಎಣಿಸುವ ಕ್ರಮ

ಕೀಮೋ ಏರಿಸಿದ ದಿನ ಒಂದನೇ ದಿನ. ಕ್ಯಾಲೆಂಡರಿನ ತಾರೀಖಿನ ಮೂಲೆಯಲ್ಲಿ ಸಣ್ಣದಾಗಿ 1, 2, 3 ಅಂತ ಬರೆಯುತ್ತಾ ಹೋಗಿ. ನಾನು ಏಳರಿಂದ ಹದಿನಾಲ್ಕರ ತನಕ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತಿದ್ದೆ. ಬಹಳಷ್ಟು ಕೀಮೋಗಳಲ್ಲಿ ಬಿಳಿ ಕಣ ತಳ ಮುಟ್ಟುವುದು ಆ ವಾರದಲ್ಲಿ. ಆ ಸುತ್ತಿನೊಳಗೆ ಬಂದ ಜ್ವರಕ್ಕೆ ಬೇರೆ ಹೆಸರು ಹುಡುಕಬಾರದು.

ಮೊದಲ ದಿನ ಬರುವ ಚಳಿಜ್ವರದ ಕಥೆಯೇ ಬೇರೆ. ರಿಟುಕ್ಸಿಮ್ಯಾಬ್, ಟ್ರಾಸ್ಟುಜುಮ್ಯಾಬ್ ಇಂಥ ಕ್ಯಾನ್ಸರ್ ಔಷಧಿಗಳ ಮೊದಲ ಡ್ರಿಪ್ ಹರಿಯುತ್ತಿರುವಾಗಲೇ ಕೆಲವರಿಗೆ ಮೈ ನಡುಗುತ್ತದೆ. ಬ್ಲಿಯೋಮೈಸಿನ್, ಜೆಮ್‌ಸಿಟಾಬಿನ್ ಆದ ಕೆಲವೇ ಗಂಟೆಗಳಲ್ಲಿ ಜ್ವರ, ಮೈಕೈ ನೋವು ಬರಬಹುದು. ನನಗೆ ಚೆನ್ನಾಗಿ ಕಾಟ ಕೊಟ್ಟದ್ದು ಕೀಮೋ ಎಲ್ಲ ಮುಗಿದ ಮೇಲೆ ಮೂಳೆಗೆ ಅಂತ ಹಾಕಿದ ಜೋಲೆಡ್ರಾನಿಕ್ ಆಸಿಡ್ ಡ್ರಿಪ್. ಬೆಳಿಗ್ಗೆ ಹಾಕಿದರು, ನಡುರಾತ್ರಿ 101, ಎಲ್ಲ ಗಂಟುಗಳೂ ಹಿಡಿದುಕೊಂಡವು. ಮೊದಲ ಸಲ ಹೀಗಾಗಬಹುದು, ಎರಡು ಮೂರು ದಿನದಲ್ಲಿ ಇಳಿಯುತ್ತದೆ ಅಂತ ಅವರು ಮೊದಲೇ ಹೇಳಿದ್ದರು. ಆಗ ನನ್ನ ಕಣದ ಎಣಿಕೆ ಸರಿಯಿತ್ತು, ಹಾಗಾಗಿ ಫೋನಿನಲ್ಲಿ ಕೇಳಿ ಪ್ಯಾರಾಸಿಟಮಾಲ್ ತೆಗೆದುಕೊಂಡೆ. ಎರಡನೇ ಸಲ ಏನೂ ಆಗಲಿಲ್ಲ. ಆದರೆ ಕೀಮೋ ನಡುವೆಯೇ ಈ ಡ್ರಿಪ್ ಹಾಕಿಸಿಕೊಳ್ಳುವವರು ನನ್ನ ಹಾಗೆ ಮನೆಯಲ್ಲಿ ಕೂರಬಾರದು, 100.4 ಅವರಿಗೆ 100.4 ಅಷ್ಟೇ.

ಎರಡರಿಂದ ಐದನೇ ದಿನ ಮೈಕೈ ನೋವಿನ ದಿನಗಳು. ಪೆಗ್‌ಫಿಲ್‌ಗ್ರಾಸ್ಟಿಮ್ ಕಥೆ ಹೇಳಿದೆ. ಪ್ಯಾಕ್ಲಿಟ್ಯಾಕ್ಸೆಲ್ ಆದ ಮೂರನೇ ದಿನ ಮಂಡಿ, ಹಿಮ್ಮಡಿ, ಬೆರಳ ಗಂಟು ಹೇಗೆ ಹಿಡಿಯಿತೆಂದರೆ ಮೆಷಿನ್ನಿನ ಪೆಡಲ್ ತುಳಿಯಲು ಆಗಲಿಲ್ಲ. ನೋಡಲು ಬಂದ ಮೂವರಲ್ಲಿ ಮೂವರೂ 'ಚಿಕೂನ್‌ಗುನ್ಯಾ' ಅಂದರು. ಜ್ವರ ಇರಲಿಲ್ಲ. ಏಳನೇ ದಿನಕ್ಕೆ ತಾನಾಗಿ ಬಿಟ್ಟಿತು. ಮುಂದಿನ ಮೂರು ಸಲವೂ ಅದೇ ಮೂರನೇ ದಿನ, ಅದೇ ಮಂಡಿ. ಪುಸ್ತಕದಲ್ಲಿ ಸಾಲಾಗಿ ನೋಡಿದಾಗ ಸೊಳ್ಳೆಗೆ ಇಷ್ಟು ಲೆಕ್ಕ ಬರಲ್ಲ ಅಂತ ನಗು ಬಂತು.

ಚರ್ಮ: ಅಂಚು ನೋಡಿ

ಇದು ನನ್ನ ಕಸುಬಿಗೆ ಹತ್ತಿರದ ವಿಷಯ, ಸ್ವಲ್ಪ ಹೆಚ್ಚೇ ಹೇಳುತ್ತೇನೆ.

ಕರೆಂಟು ಶುರುವಾಗುವ ಮೊದಲು ಅದನ್ನು ಕೊಡುವ ಹುಡುಗರು ಎದೆಯ ಮೇಲೆ ಗೆರೆ ಎಳೆದು ಗುರುತು ಹಾಕುತ್ತಾರೆ. ಕುತ್ತಿಗೆ ಮೂಳೆಯ ಕೆಳಗೊಂದು, ನಡುಎದೆಯಲ್ಲಿ ಒಂದು, ಪಕ್ಕೆಯಲ್ಲಿ ಒಂದು. ಮಲಗಿಕೊಂಡೇ 'ಟಕ್ ಎಲ್ಲಿ ಬರುತ್ತಪ್ಪ' ಅಂತ ಕೇಳಿದೆ, ಅವರಿಗೆ ಅರ್ಥವಾಗಲಿಲ್ಲ. ಹದಿನೈದು ದಿನವೂ ಚರ್ಮ ಬರೀ ಕಂದಿತ್ತು. ಮುಗಿಸಿ ಊರಿಗೆ ಬಂದ ಐದನೇ ದಿನ ಕೆಂಡದ ಹಾಗೆ ಕೆಂಪಾಯಿತು. ಸಂಕಟ ಹೆಚ್ಚುವುದು ಹೀಗೆ ಮುಗಿದ ಮೇಲೆಯೇ, ಒಂದೆರಡು ವಾರದಲ್ಲಿ. ಮೆಡಿಕಲ್ ಶಾಪಿನಲ್ಲಿ 'ನಂಜಾಗಿದೆ' ಅಂತ ಮಾತ್ರೆ, ಮುಲಾಮು ಎರಡೂ ಕೊಟ್ಟರು. ಅತ್ತೆ ಅವತ್ತಿಂದ ಬದನೆಕಾಯಿ ನಿಲ್ಲಿಸಿದರು, ನಂಜಿನ ಪದಾರ್ಥ ಅಂತ.

ಕನ್ನಡಿ ಮುಂದೆ ನಿಂತು ನೋಡಿದೆ. ಕೆಂಪು ಮೇಲುಗಡೆ ನೇರ ಗೆರೆಯಲ್ಲಿ ನಿಂತಿತ್ತು. ನಡುಎದೆಯಲ್ಲೂ ನೇರ. ಎರಡೂ ಸೇರುವಲ್ಲಿ ಮೂಲೆ, ಚೌಕ ಕತ್ತಿನ ಬ್ಲೌಸಿಗೆ ಕತ್ತರಿಸಿದ ಹಾಗೆ. ಸೋಂಕಿಗೆ ಸ್ಕೇಲ್ ಹಿಡಿಯಲು ಬರಲ್ಲ. ಅದು ಬಟ್ಟೆಯ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಅಂಕುಡೊಂಕಾಗಿ, ಗಂಟೆಗಂಟೆಗೆ ಹರಡುತ್ತದೆ. ಅದನ್ನು ಪರೀಕ್ಷಿಸಲು ಸುಲಭ ಉಪಾಯವಿದೆ: ಕೆಂಪಿನ ಅಂಚಿಗೆ ಬಾಲ್ ಪೆನ್ನಿನಲ್ಲಿ ಮೆತ್ತಗೆ ಚುಕ್ಕೆ ಇಟ್ಟು ಪಕ್ಕದಲ್ಲಿ ಸಮಯ ಬರೆಯಿರಿ, ಒಂದು ಫೋಟೋ ತೆಗೆಯಿರಿ. ಆರು ಗಂಟೆಯೊಳಗೆ ಕೆಂಪು ಆ ಚುಕ್ಕೆಯನ್ನು ದಾಟಿದ್ದರೆ, ಮುಟ್ಟಿದರೆ ಸುಡುತ್ತಿದ್ದರೆ, ಕೀವು, ವಾಸನೆ, ಜ್ವರ ಯಾವುದಾದರೂ ಇದ್ದರೆ ಇನ್ನು ಕಾಯುವುದಿಲ್ಲ. ನನ್ನ ಕಂಕುಳ ಮಡಿಕೆಯಲ್ಲಿ ಚರ್ಮ ಸುಲಿದು ನೀರಾಡಿತು. ಅಲ್ಲಿ ಮಾತ್ರ ಡಾಕ್ಟರು ಎರಡು ದಿನಕ್ಕೊಮ್ಮೆ ಫೋಟೋ ಕಳಿಸಿ ಅಂದರು, ಯಾಕೆಂದರೆ ಸುಟ್ಟ ಚರ್ಮದ ಮೇಲೆ ನಿಜವಾದ ಸೋಂಕು ಆಮೇಲೆ ಬಂದು ಕೂರಬಹುದು.

ಇನ್ನೊಂದು ಪರೀಕ್ಷೆ, ಎರಡೂ ಕಡೆ ಇದೆಯಾ ಅಂತ ನೋಡುವುದು. ಕೆಪೆಸಿಟಾಬಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ಎರಡೂ ಅಂಗೈ, ಎರಡೂ ಅಂಗಾಲು ಕೆಂಪಾಗಿ ಉರಿದು ಸಿಪ್ಪೆ ಏಳುತ್ತದೆ. ಸೋಂಕಾದರೆ ಸಾಮಾನ್ಯವಾಗಿ ಒಂದೇ ಕಡೆ. ನನ್ನ ಜೊತೆ ಧರ್ಮಶಾಲೆಯಲ್ಲಿದ್ದ ಅಜ್ಜನಿಗೆ ಶ್ವಾಸಕೋಶದ ಕಾಯಿಲೆಗೆ ಎರ್ಲೋಟಿನಿಬ್ ಮಾತ್ರೆ. ಎರಡನೇ ವಾರ ಮುಖ, ಎದೆ ತುಂಬ ಮೊಡವೆ, ತುದಿಯಲ್ಲಿ ಬಿಳಿ. ಅರವತ್ತೆಂಟನೇ ವಯಸ್ಸಿಗೆ ಮೊಡವೆ ಅಂತ ನಕ್ಕೆವು. ಗೆಫಿಟಿನಿಬ್, ಒಸಿಮೆರ್ಟಿನಿಬ್, ಸೆಟುಕ್ಸಿಮ್ಯಾಬ್‌ನಲ್ಲೂ ಹೀಗಾಗುತ್ತದೆ. ಬಿಳಿ ಕಂಡರೂ ಶುರುವಿನಲ್ಲಿ ಅದರಲ್ಲಿ ಕ್ರಿಮಿ ಇರುವುದಿಲ್ಲ. ಹಿಸುಕಬೇಡಿ, ಮೊಡವೆ ಕ್ರೀಮ್ ಹಚ್ಚಬೇಡಿ, ಚರ್ಮ ಇನ್ನೂ ಒಣಗುತ್ತದೆ. ಮಾತ್ರೆಯನ್ನಂತೂ ನೀವಾಗಿ ನಿಲ್ಲಿಸಲೇಬೇಡಿ.

ಹಿಂದೊಮ್ಮೆ ಕರೆಂಟು ಕೊಟ್ಟ ಜಾಗ ತಿಂಗಳುಗಳ ನಂತರ ಹೊಸ ಕೀಮೋ ಏರಿಸಿದಾಗ ಮತ್ತೆ ಕೆಂಪಾಗುವುದೂ ಉಂಟು. ಚರ್ಮಕ್ಕೆ ನೆನಪಿರುತ್ತದೆ. ತೋಳಿನಲ್ಲಿ ಡ್ರಿಪ್ ಹಾಕಿದ ನರ ಕಪ್ಪಾಗಿ ಹಗ್ಗದಂತೆ ಗಟ್ಟಿಯಾಗುವುದೂ ಔಷಧಿಯ ಉರಿಯಿಂದಲೇ. ಆದರೆ ಹನಿ ಬೀಳುತ್ತಿರುವಾಗಲೇ ಉರಿದರೆ ತಡೆದುಕೊಳ್ಳದೆ ಆ ಕ್ಷಣವೇ ಸಿಸ್ಟರನ್ನು ಕೂಗಿ.

ಮೂರು ಕಡೆ ಅಂಚು ಗಿಂಚು ನೋಡುತ್ತಾ ಕೂರಬಾರದು. ಕಂಕುಳ ಗೆಡ್ಡೆ ತೆಗೆದ ಕಡೆಯ ತೋಳು ಏಕಾಏಕಿ ಕೆಂಪಾಗಿ ಬಿಸಿಯಾದರೆ ಅವತ್ತೇ ತೋರಿಸಬೇಕು, ಆ ತೋಳಿನಲ್ಲಿ ಸೋಂಕು ಬೇಗ ಏರುತ್ತದೆ. ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ ಅದು ರಕ್ತ ಹೆಪ್ಪುಗಟ್ಟಿದ್ದಿರಬಹುದು. ನಂಜು ಅಂತ ಎಣ್ಣೆ ಹಚ್ಚಿ ತಿಕ್ಕಬೇಡಿ. ಇನ್ನು ಸೊಂಟದ ಒಂದೇ ಪಕ್ಕ ಪಟ್ಟಿಯ ಹಾಗೆ ಉರಿದು ಮರುದಿನ ಗುಳ್ಳೆ ಎದ್ದರೆ ಅದು ಕೀಮೋ ಉಷ್ಣ ಅಲ್ಲ, ಸರ್ಪಸುತ್ತು, ನಿಜವಾದ ವೈರಸ್ ಸೋಂಕು. ಕೆಮ್ಮಣ್ಣು ಹಚ್ಚಿಸುವುದು ಇರಲಿ, ಗುಳ್ಳೆ ಎದ್ದ ಮೂರು ದಿನದೊಳಗೆ ಮಾತ್ರೆ ಶುರುವಾಗಬೇಕು.

ಬಾಯಿ, ಹೊಟ್ಟೆ, ಮೂತ್ರ, ಕೆಮ್ಮು

ಬಾಯಿ ಹುಣ್ಣು ಐದನೇ ದಿನದಿಂದ ಹತ್ತರ ತನಕ. ಮಂಡಕ್ಕಿ ಮೆಣಸಿನಕಾಯಿ ಊರಲ್ಲಿ ಹುಟ್ಟಿ ಮೊಸರನ್ನಕ್ಕೂ ಕಣ್ಣೀರು ಹಾಕಿದೆ. ಕೆಂಪಾಗಿ ಸುಲಿದಿದ್ದರೆ ಹೆಚ್ಚಾಗಿ ಕೀಮೋದ್ದು. ಮೊಸರು ಅಂಟಿದಂತೆ ಬಿಳಿ ತೇಪೆಗಳಿದ್ದು, ಬಟ್ಟೆಯಲ್ಲಿ ಒರೆಸಿದರೆ ಎದ್ದು ಬರುತ್ತಿದ್ದರೆ ಅದು ಫಂಗಸ್, ಅದಕ್ಕೆ ಬೇರೆಯೇ ಔಷಧಿ. ಎರಡೂ ಒಟ್ಟಿಗೆ ಇರಬಹುದು, ನನಗೆ ಮೂರನೇ ಸಲ ಹಾಗೇ ಇತ್ತು.

ಭೇದಿಯಾದರೆ ಹೋಟೆಲ್ ಊಟದ ಮೇಲೆ ಗೂಬೆ ಕೂರಿಸುವುದು ಸುಲಭ. ಇರಿನೋಟೆಕಾನ್, ಕೆಪೆಸಿಟಾಬಿನ್ ತಾವೇ ಭೇದಿ ಮಾಡಿಸುತ್ತವೆ. ಇಮ್ಯುನೋಥೆರಪಿ, ಅಂದರೆ ಮೈಯ ಕಾವಲು ಪಡೆಯನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವ ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್ ಥರದ್ದು ಆದವರಿಗೆ ಇನ್ನೂ ಎಚ್ಚರ ಬೇಕು. ಆ ಪಡೆಯೇ ಕೆಲವರಲ್ಲಿ ಕರುಳಿನ ಮೇಲೆ ಬೀಳುತ್ತದೆ, ಡ್ರಿಪ್ ನಿಲ್ಲಿಸಿ ತಿಂಗಳುಗಳಾದ ಮೇಲೂ. ಅದಕ್ಕೆ ಆಂಟಿಬಯೋಟಿಕ್ ಕೆಲಸ ಮಾಡಲ್ಲ, ಸ್ಟೆರಾಯ್ಡ್ ಬೇಕಾಗುತ್ತದೆ. ದಿನದ ರೂಢಿಗಿಂತ ನಾಲ್ಕು ಸಲ ಹೆಚ್ಚಾದರೆ ಫೋನ್ ಮಾಡಿ. ಭೇದಿ ನಿಲ್ಲಿಸುವ ಮಾತ್ರೆ ಕೇಳದೆ ನುಂಗಬೇಡಿ, ಒಳಗೆ ನಿಜವಾದ ಸೋಂಕಿದ್ದರೆ ಅದನ್ನು ಕೂಡಿಹಾಕಿದಂತೆ.

ಕೆಂಪು ಕೀಮೋ, ಡಾಕ್ಸೊರುಬಿಸಿನ್, ಆದ ದಿನ ಮತ್ತು ಮರುದಿನ ಮೂತ್ರ ಕೆಂಪಾಗಿಯೇ ಬರುತ್ತದೆ, ಅದು ಔಷಧಿಯ ಬಣ್ಣ. ಮೂರನೇ ದಿನವೂ ಕೆಂಪಿದ್ದರೆ, ಉರಿ ಇದ್ದರೆ ಹೇಳಬೇಕು. ಸೈಕ್ಲೊಫಾಸ್ಫಮೈಡ್, ಕಿಬ್ಬೊಟ್ಟೆಗೆ ಕೊಟ್ಟ ಕರೆಂಟು ಎರಡೂ ಮೂತ್ರಚೀಲವನ್ನು ಕೆರಳಿಸಿ ಥೇಟ್ ಉರಿಮೂತ್ರದಂತೆಯೇ ಕಾಡುತ್ತವೆ. ಗುಳಿಗೆ ನುಂಗುವ ಮೊದಲು ಕಲ್ಚರಿಗೆ ಮೂತ್ರ ಕೊಡಿ.

ಕೆಮ್ಮಿನ ವಿಷಯ. ಎದೆಗೆ ಕರೆಂಟು ಆಗಿ ಒಂದರಿಂದ ಮೂರು ತಿಂಗಳಲ್ಲಿ, ಕೆಲವರಿಗೆ ಆರು ತಿಂಗಳ ತನಕವೂ ಒಣ ಕೆಮ್ಮು, ಏದುಸಿರು, ಸಣ್ಣ ಜ್ವರ ಬರಬಹುದು. ಎಕ್ಸ್‌ರೇಯಲ್ಲಿ ನೆರಳು ಕಂಡ ಕೂಡಲೇ ನಮ್ಮಲ್ಲಿ ಮೊದಲು ಬಾಯಿಗೆ ಬರುವುದು ನ್ಯುಮೋನಿಯಾ, ಆಮೇಲೆ ಟಿಬಿ. ಎರಡೂ ಇರಬಹುದು, ಕಫ ಪರೀಕ್ಷೆ ಮಾಡಿಸಲೇಬೇಕು. ಆದರೆ 'ಇಂಥ ತಾರೀಖಿಗೆ ಈ ಎದೆಗೆ ಕರೆಂಟು ಮುಗಿದಿದೆ' ಅನ್ನುವ ಒಂದು ಸಾಲು ನೀವು ಹೇಳದಿದ್ದರೆ ಕರೆಂಟಿನ ಉರಿಯೂತ ಅವರ ಲೆಕ್ಕಕ್ಕೇ ಬರುವುದಿಲ್ಲ. ಇಮ್ಯುನೋಥೆರಪಿಯವರಿಗೂ ಇದೇ ಮಾತು.

ಬಾಗಿಲ ಹಿಂದಿನ ಚೀಲ

ಬ್ಲೌಸ್ ಪೀಸಿನಲ್ಲಿ ಒಂದು ಚೀಲ ಹೊಲಿದು ಮೊಳೆಗೆ ನೇತು ಹಾಕಿದ್ದೆ. ಥರ್ಮಾಮೀಟರ್, ಆಯುಷ್ಮಾನ್ ಕಾರ್ಡಿನ ಜೆರಾಕ್ಸ್, ಕೊನೆಯ ಡಿಸ್‌ಚಾರ್ಜ್ ಹಾಳೆ, ಒಂದು ಜೊತೆ ಬಟ್ಟೆ, ಚಾರ್ಜರು. ಮೇಲೆ ಸೇಫ್ಟಿ ಪಿನ್ನಿನಲ್ಲಿ ಒಂದು ಚೀಟಿ: 'ನನಗೆ ಕ್ಯಾನ್ಸರಿನ ಕೀಮೋ ನಡೆಯುತ್ತಿದೆ. ಔಷಧಿ ಇವು. ಕೊನೆಯದು ಇಂಥ ತಾರೀಖು, ಇವತ್ತು ಇಷ್ಟನೇ ದಿನ. ಬಿಳಿ ಕಣ ಹೆಚ್ಚಿಸುವ ಇಂಜೆಕ್ಷನ್ ಆಗಿದೆ / ಇಲ್ಲ. ಸ್ಟೆರಾಯ್ಡ್ ಇದೆ / ಇಲ್ಲ.' ಕೆಳಗೆ ವಾರ್ಡಿನ ನಂಬರು, ಅದರ ಕೆಳಗೆ 108. ರಾತ್ರಿ ಕ್ಯಾಶುವಾಲ್ಟಿಯಲ್ಲಿ ಇರುವ ಹುಡುಗ ಡಾಕ್ಟರಿಗೆ ನಮ್ಮ ಕಥೆ ಕೇಳಲು ಪುರುಸೊತ್ತಿರುವುದಿಲ್ಲ, ಚೀಟಿ ಓದಲು ಇರುತ್ತದೆ. ಸಾಲಿನಲ್ಲಿ ಕೂರಬೇಡಿ. ಕೌಂಟರಿನಲ್ಲಿ 'ಜ್ವರ' ಅಂತ ಹೇಳಿದರೆ ಬೆಂಚು ತೋರಿಸುತ್ತಾರೆ, 'ಕೀಮೋ ಆಗಿ ಹತ್ತನೇ ದಿನ, ಜ್ವರ 101' ಅಂದರೆ ಎದ್ದು ಬರುತ್ತಾರೆ.

ಪುಸ್ತಕ ಈಗಲೂ ಅಂಗಡಿಯಲ್ಲೇ ಇದೆ. ಹೋದ ತಿಂಗಳು ಕೆಲಸಕ್ಕೆ ಸೇರಿದ ಹುಡುಗಿ ಅದನ್ನು ತಲೆಕೆಳಗು ಹಿಡಿದು ಹಿಂದಿನಿಂದ ತೆರೆದಿದ್ದಾಳೆ. ಟೇಪು ಕೊರಳಿಗೆ ಹಾಕಿಕೊಂಡು, ಬಾಯಿ ಬಿಟ್ಟು ನಿಂತು ಕೇಳಿದಳು: 'ಅಕ್ಕಾ, ಇದ್ಯಾರ ಸೊಂಟ, ನೂರಾ ಒಂದು ಕಾಲು?'